ಚಾರ್ಜ್ ಅಂದ್ರೆ ಏನು? ಒಂದು ಪದದ ಹತ್ತಾರು ಅರ್ಥ ಬಿಡಿಸಿಕೊಳ್ಳುವ ದಾರಿ

ಹೋದ ಮಳೆಗಾಲದಲ್ಲಿ ಒಂದು ಬೆಳಗ್ಗೆ, ದಾವಣಗೆರೆಯ ನಮ್ಮ ಬೀದಿಯ ಹಿರಿಯರೊಬ್ಬರು ಮೊಬೈಲ್ ಹಿಡಿದುಕೊಂಡು ಮನೆಗೆ ಬಂದರು. ಮೆಕ್ಕೆಜೋಳ ಬೆಳೆಯುವವರು. ಮುಖ ಬಾಡಿತ್ತು. "ಮೇಷ್ಟ್ರೇ, ನನ್ ಮೇಲೆ ಏನೋ ಕೇಸ್ ಹಾಕ್ಯಾರೆ ನೋಡ್ರಿ. ನಿನ್ನೆ ರಾತ್ರಿ ಮೆಸೇಜ್ ಬಂದೈತಿ" ಅಂದರು. ಮೊಬೈಲ್ ಇಸಿದುಕೊಂಡು ನೋಡಿದೆ. ಬ್ಯಾಂಕಿನ ಮೆಸೇಜು, ಇಂಗ್ಲಿಷಿನಲ್ಲಿತ್ತು. 'ಯುವರ್ ಅಕೌಂಟ್ ಹ್ಯಾಸ್ ಬೀನ್ ಚಾರ್ಜ್‌ಡ್' ಅಂತ ಶುರುವಾಗಿತ್ತು, ಕೊನೆಗೆ 236 ರೂಪಾಯಿ ಅಂತ ಇತ್ತು. ಖಾತೆಯಲ್ಲಿ ಇರಬೇಕಾದಷ್ಟು ದುಡ್ಡು ಇರಲಿಲ್ಲ. ಅದಕ್ಕೆ 200 ರೂಪಾಯಿ, ಅದರ ಮೇಲೆ ಶೇ 18ರ ಜಿಎಸ್‌ಟಿ 36 ರೂಪಾಯಿ ಹಿಡಿದುಕೊಂಡಿದ್ದರು. ವಿಷಯ ಇಷ್ಟೇ. ಆದರೆ ಅವರು ಅದೇ ದಿನ ಪೇಪರಿನಲ್ಲಿ ಯಾವುದೋ ಕೊಲೆ ಕೇಸಿನ 'ಚಾರ್ಜ್‌ಶೀಟ್ ಸಲ್ಲಿಕೆ' ಸುದ್ದಿ ಓದಿದ್ದರು. ರಾತ್ರಿ ಪೂರಾ ನಿದ್ದೆ ಮಾಡಿರಲಿಲ್ಲ.

ಅವರ ಯೋಚನೆ ತಪ್ಪಾಗಿರಲಿಲ್ಲ. ಎರಡೂ ಕಡೆ ಇದ್ದದ್ದು ಅದೇ ಪದ. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಆ ಪದಕ್ಕೆ ಇಷ್ಟೊಂದು ಮುಖ ಇದೆ ಅಂತ ನಾವು ಮೇಷ್ಟ್ರುಗಳು ಮಕ್ಕಳಿಗೆ ಕೂತು ಹೇಳಿಕೊಟ್ಟಿದ್ದೇವಾ ಎಂದು ಅವತ್ತು ನನಗೇ ಅನ್ನಿಸಿತು. ಈ ಬರಹ ಹುಟ್ಟಿದ್ದು ಆ ಬೆಳಗ್ಗೆ.

ಒಂದು ದಿನ ನೀವೇ ಕಿವಿಗೊಟ್ಟು ಕೇಳಿ. ಎದ್ದ ಕೂಡಲೇ ಮೊಬೈಲ್ ಚಾರ್ಜ್. ಬಸ್ ಸ್ಟ್ಯಾಂಡಿಗೆ ಆಟೊ ಚಾರ್ಜ್. ಆಫೀಸಿನಲ್ಲಿ ಇನ್‌ಚಾರ್ಜ್ ಯಾರು ಅಂತ ವಿಚಾರಣೆ. ಕರೆಂಟ್ ಬಿಲ್ಲಿನಲ್ಲಿ ಫಿಕ್ಸೆಡ್ ಚಾರ್ಜ್. ಆಸ್ಪತ್ರೆಯಿಂದ ಅಜ್ಜಿ ಡಿಸ್ಚಾರ್ಜ್. ಟಿವಿಯಲ್ಲಿ ಲಾಠಿ ಚಾರ್ಜ್. ಇಂಗ್ಲಿಷ್ ಬರುವುದಿಲ್ಲ ಎನ್ನುವವರ ಬಾಯಲ್ಲೂ ದಿನಕ್ಕೆ ನಾಲ್ಕು ಸಲ ಈ ಪದ ಬರುತ್ತದೆ. ಅರ್ಥದ ಎಣಿಕೆಯಲ್ಲಿ ಇದನ್ನು ಮೀರಿಸುವ ಪದಗಳು ಇಂಗ್ಲಿಷಿನಲ್ಲಿವೆ. ಆಕ್ಸ್‌ಫರ್ಡ್ ನಿಘಂಟಿನ 1989ರ ಆವೃತ್ತಿಯಲ್ಲಿ 'ಸೆಟ್' ಎಂಬ ಒಂದು ಪದಕ್ಕೆ 430 ಅರ್ಥ ಕೊಟ್ಟಿದ್ದರು. ಆದರೂ ನಾನು ಚಾರ್ಜನ್ನೇ ಆರಿಸಿಕೊಂಡೆ. ಇದನ್ನು ತಪ್ಪಾಗಿ ಓದಿದರೆ ದುಡ್ಡು ಹೋಗಬಹುದು, ಹೊಲದ ವ್ಯವಹಾರ ಕೆಡಬಹುದು, ಒಬ್ಬರ ಮರ್ಯಾದೆಯೂ ಹೋಗಬಹುದು.

ಮೊದಲ ಹೆಜ್ಜೆ: ಗಾಡಿಯನ್ನು ಕಣ್ಣ ಮುಂದೆ ತಂದುಕೊಳ್ಳಿ

ಅರ್ಥಗಳ ಪಟ್ಟಿಯನ್ನು ಬಾಯಿಪಾಠ ಮಾಡಬೇಡಿ. ಮಾಡಿದರೂ ನಿಲ್ಲುವುದಿಲ್ಲ. ಒಂದು ಚಿತ್ರ ನೆನಪಿಟ್ಟುಕೊಂಡರೆ ಸಾಕು.

ಹಿಂದೆ ಯುರೋಪಿನಲ್ಲಿ ಗಾಲ್ ಎಂಬ ಜನ ಸರಕು ಸಾಗಿಸುವ ಗಾಡಿಗೆ ಒಂದು ಹೆಸರು ಇಟ್ಟುಕೊಂಡಿದ್ದರು. ರೋಮನ್ನರು ಆ ಪದವನ್ನು ತಮ್ಮ ಲ್ಯಾಟಿನ್ ಭಾಷೆಗೆ ತೆಗೆದುಕೊಂಡು 'ಕಾರುಸ್' ಅಂದರು. ಮುಂದೆ ಗಾಡಿಗೆ ಸರಕು ಹೇರುವ ಕೆಲಸಕ್ಕೆ 'ಕಾರ್ರಿಕಾರೆ' ಎಂಬ ಪದ ಬಂತು. ಅದು ಹಳೆಯ ಫ್ರೆಂಚಿಗೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ಬಂದು 'ಚಾರ್ಜ್' ಆಯಿತು. ನಾವು ಓಡಿಸುವ ಕಾರು, ಹಡಗಿನಲ್ಲಿ ಬರುವ ಕಾರ್ಗೊ, ಹೊತ್ತೊಯ್ಯುವುದು ಎಂಬ ಅರ್ಥದ ಕ್ಯಾರಿ, ಎಲ್ಲ ಇದೇ ಮನೆತನದವು.

ಅಂದರೆ ಚಾರ್ಜ್ ಪದದ ಹೊಟ್ಟೆಯೊಳಗೆ ಇರುವುದು ಹೊರೆ. ಹೇರುವುದು, ಹೊರಿಸುವುದು.

ಇದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಕಡೆಯವರಿಗೆ ಕಷ್ಟವೇ ಇಲ್ಲ. ದಾವಣಗೆರೆಗೆ ಹೆಸರು ತಂದದ್ದು ಹತ್ತಿ ಮತ್ತು ಗಿರಣಿಗಳು. ಈಗ ಸುಗ್ಗಿ ಬಂದರೆ ಎಪಿಎಂಸಿ ಯಾರ್ಡಿನ ತುಂಬ ಮೆಕ್ಕೆಜೋಳದ ಟ್ರ್ಯಾಕ್ಟರ್ ಟ್ರೇಲರುಗಳು. ಹೇರುವುದು, ಇಳಿಸುವುದು ನಮಗೆ ದಿನ ನೋಡುವ ಕೆಲಸ.

ನಮ್ಮ ಕನ್ನಡವೂ ಇದೇ ದಾರಿ ಹಿಡಿದಿದೆ. ಇದನ್ನು ಮೊದಲ ಸಲ ಗಮನಿಸಿದಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಸರ್ಕಾರ ತೆರಿಗೆ ಹೇರುತ್ತದೆ. ಪೊಲೀಸರು ಆರೋಪ ಹೊರಿಸುತ್ತಾರೆ. ಅಪ್ಪ ತೀರಿಕೊಂಡ ಮೇಲೆ ದೊಡ್ಡ ಮಗ ಮನೆಯ ಹೊಣೆ ಹೊರುತ್ತಾನೆ. ಜಮೀನಿನ ಮೇಲೆ ಸಾಲ ಇದ್ದರೆ ಋಣಭಾರ. ಕಾಯಂ ಮುಖ್ಯ ಶಿಕ್ಷಕರು ಇಲ್ಲದ ಶಾಲೆಯಲ್ಲಿ ಪ್ರಭಾರ ಮುಖ್ಯ ಶಿಕ್ಷಕರು ಇರುತ್ತಾರೆ. ಎಲ್ಲ ಕಡೆ ಒಂದು ಭಾರ ಇದ್ದೇ ಇದೆ. 'ಆರೋಪ' ಎಂಬ ಸಂಸ್ಕೃತ ಪದಕ್ಕೂ ಮೂಲದಲ್ಲಿ ಮೇಲೆ ಏರಿಸುವುದು, ಮೇಲೆ ಇಡುವುದು ಅಂತಲೇ ಅರ್ಥ. ಹಾಗಾಗಿ ಇಂಗ್ಲಿಷಿನ ಚಾರ್ಜ್ ಎದುರಾದಾಗ ಹೆದರಬೇಡಿ. 'ಇಲ್ಲಿ ಯಾರ ಮೇಲೆ ಯಾವ ಹೊರೆ ಬಿತ್ತು?' ಅಂತ ಕನ್ನಡದಲ್ಲೇ ಕೇಳಿಕೊಳ್ಳಿ. ಮುಕ್ಕಾಲು ಕೆಲಸ ಅಲ್ಲೇ ಆಗುತ್ತದೆ.

ಎರಡನೇ ಹೆಜ್ಜೆ: ಪಕ್ಕದ ಪುಟ್ಟ ಪದ ನೋಡಿ

ಉಳಿದ ಕಾಲು ಭಾಗದ ಕೆಲಸವನ್ನು ಚಾರ್ಜಿನ ಪಕ್ಕ ಕೂತಿರುವ ಚಿಕ್ಕ ಪದ ಮಾಡಿಕೊಡುತ್ತದೆ. ಮಕ್ಕಳು ಓದುವಾಗ ಅದನ್ನು ಹಾರಿಸಿಬಿಡುತ್ತಾರೆ. ನಿಜವಾಗಿ ಬೆರಳಿಡಬೇಕಾದ್ದು ಅದರ ಮೇಲೆ.

ಮುಂದೆ 'ಫಾರ್' ಬಂದರೆ ದುಡ್ಡಿನ ವಿಷಯ. 'ದೇ ಚಾರ್ಜ್‌ಡ್ ಮಿ ಫಾರ್ ದ ಬ್ಯಾಗ್' ಅಂದರೆ ಬ್ಯಾಗಿಗೆ ನನ್ನಿಂದ ದುಡ್ಡು ತಗೊಂಡರು.

'ಟು' ಬಂದರೆ ಲೆಕ್ಕದ ವಿಷಯ. 'ಚಾರ್ಜ್ ಇಟ್ ಟು ಮೈ ಅಕೌಂಟ್' ಅಂದರೆ ನನ್ನ ಲೆಕ್ಕಕ್ಕೆ ಬರೆದುಕೊಳ್ಳಿ. ಕಿರಾಣಿ ಅಂಗಡಿಯಲ್ಲಿ ನಾವು ಹೇಳುವುದೂ ಅದನ್ನೇ.

'ಅಟ್' ಬಂದರೆ ಮೈಮೇಲೆ ಏರಿ ಬರುವುದು. 'ದ ಬುಲ್ ಚಾರ್ಜ್‌ಡ್ ಅಟ್ ಹಿಮ್' ಅಂದರೆ ಹೋರಿ ಅವನ ಮೇಲೆ ನುಗ್ಗಿತು.

'ವಿತ್' ಬಂದಾಗ ಸ್ವಲ್ಪ ನಿಲ್ಲಬೇಕು. ಅದರ ಮುಂದಿನ ಪದವನ್ನೂ ಓದಬೇಕು. 'ಹಿ ವಾಸ್ ಚಾರ್ಜ್‌ಡ್ ವಿತ್ ಥೆಫ್ಟ್' ಅಂದರೆ ಅವನ ಮೇಲೆ ಕಳ್ಳತನದ ಆರೋಪ ಹೊರಿಸಿದರು. 'ಶಿ ವಾಸ್ ಚಾರ್ಜ್‌ಡ್ ವಿತ್ ಬಿಲ್ಡಿಂಗ್ ದ ಸ್ಕೂಲ್' ಅಂದರೆ ಶಾಲೆ ಕಟ್ಟಿಸುವ ಹೊಣೆಯನ್ನು ಆಕೆಗೆ ವಹಿಸಿದರು. ಮೊದಲನೆಯದರಲ್ಲಿ ಅವಮಾನ, ಎರಡನೆಯದರಲ್ಲಿ ಗೌರವ. ವಿತ್ ಆದ ಮೇಲೆ ಅಪರಾಧದ ಹೆಸರು ಇದೆಯೋ ಕೆಲಸದ ಹೆಸರು ಇದೆಯೋ ನೋಡಿದರೆ ಗೊತ್ತಾಗುತ್ತದೆ.

ಇನ್ನು 'ಆನ್'. ಇದು ಚಾರ್ಜಿನ ಹಿಂದೆ ಬಂದರೆ ಒಂದು, ಮುಂದೆ ಬಂದರೆ ಇನ್ನೊಂದು. 'ಆನ್ ಎ ಚಾರ್ಜ್ ಆಫ್ ಮರ್ಡರ್' ಅಂದರೆ ಕೊಲೆ ಆರೋಪದ ಮೇಲೆ. 'ಎ ಚಾರ್ಜ್ ಆನ್ ದ ಲ್ಯಾಂಡ್' ಅಂದರೆ ಜಮೀನಿನ ಮೇಲಿನ ಋಣಭಾರ. ಇದರ ಬಗ್ಗೆ ಮುಂದೆ ಬಿಡಿಸಿ ಹೇಳುತ್ತೇನೆ.

ನಮ್ಮ ಬೀದಿಯ ಹಿರಿಯರಿಗೆ ಬಂದ ಮೆಸೇಜಿನಲ್ಲಿ ಇಂಥ ಪುಟ್ಟ ಪದ ಇರಲಿಲ್ಲ. ಆದರೆ ಹೊರೆ ಬಿದ್ದದ್ದು ಯಾರ ಮೇಲೆ? ಅಕೌಂಟಿನ ಮೇಲೆ. ಮನುಷ್ಯನ ಮೇಲೆ ಅಲ್ಲ. ಅಕೌಂಟಿನ ಮೇಲೆ ಯಾರೂ ಕೊಲೆ ಕೇಸು ಹಾಕುವುದಿಲ್ಲ. ಇದನ್ನು ಹೇಳಿದ ಮೇಲೆ ಅವರ ಜೀವಕ್ಕೆ ಸಮಾಧಾನ ಆಯಿತು, ಕೂತು ಚಾ ಕುಡಿದರು.

ಮೂರನೇ ಹೆಜ್ಜೆ: ದುಡ್ಡಿನ ಚಾರ್ಜನ್ನು ಸರಿಯಾದ ಹೆಸರಿನಿಂದ ಕರೆಯಿರಿ

ನಾವು ದುಡ್ಡು ಕೊಡುವ ಎಲ್ಲದಕ್ಕೂ ಚಾರ್ಜ್ ಅಂತೀವಿ. ಬಸ್ ಚಾರ್ಜ್, ಡಾಕ್ಟರ್ ಚಾರ್ಜ್, ರೂಮ್ ಚಾರ್ಜ್. ಮಾತಿನಲ್ಲಿ ಅದು ನಡೆಯುತ್ತದೆ. ಪರೀಕ್ಷೆಯಲ್ಲಿ, ಅರ್ಜಿಯಲ್ಲಿ ಇಂಗ್ಲಿಷ್ ಬರೆಯುವಾಗ ಬೇರೆ ಬೇರೆ ಪದ ಬೇಕು. ಬಸ್ಸು, ರೈಲು, ಆಟೊ ಪ್ರಯಾಣಕ್ಕೆ ಕೊಡುವುದು ಫೇರ್. ಡಾಕ್ಟರು, ವಕೀಲರು, ಶಾಲೆಗೆ ಕೊಡುವುದು ಫೀ. ಹೈವೇ 48ರಲ್ಲಿ ಚಿತ್ರದುರ್ಗದ ಕಡೆ ಹೋಗುವಾಗ ರಸ್ತೆಗೆ ಕಟ್ಟುವುದು ಟೋಲ್. ಹೆಲ್ಮೆಟ್ ಇಲ್ಲದ್ದಕ್ಕೆ ಕಟ್ಟುವುದು ಫೈನ್. ಮನೆಗೆ ಕೊಡುವುದು ರೆಂಟ್. ಸಾಮಾನಿಗೆ ಇರುವುದು ಪ್ರೈಸ್. ಒಂದು ಸೇವೆಗೆ, ಒಂದು ಸೌಲಭ್ಯಕ್ಕೆ ತೆಗೆದುಕೊಳ್ಳುವುದು ಚಾರ್ಜ್. ಮನೆಗೆ ತಂದುಕೊಟ್ಟಿದ್ದಕ್ಕೆ ಡೆಲಿವರಿ ಚಾರ್ಜ್, ಗಾಡಿ ರಿಪೇರಿ ಮಾಡಿದ್ದಕ್ಕೆ ಲೇಬರ್ ಚಾರ್ಜ್, ಹೀಗೆ.

ಈಗ ಮನೆಯ ಕರೆಂಟ್ ಬಿಲ್ ತೆಗೆಯಿರಿ. ದಾವಣಗೆರೆಗೂ ಚಿತ್ರದುರ್ಗಕ್ಕೂ ಬಿಲ್ ಕೊಡುವುದು ಬೆಸ್ಕಾಂ. ಅದರಲ್ಲಿ ಫಿಕ್ಸೆಡ್ ಚಾರ್ಜ್ ಒಂದು ಸಾಲು, ಎನರ್ಜಿ ಚಾರ್ಜ್ ಇನ್ನೊಂದು ಸಾಲು. ಮೊದಲನೆಯದನ್ನು ನಿಮ್ಮ ಮನೆಗೆ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಅಂತ ನೋಡಿ ಹಾಕುತ್ತಾರೆ. ಆ ತಿಂಗಳು ಮನೆಗೆ ಬೀಗ ಹಾಕಿ ಊರಿಗೆ ಹೋಗಿದ್ದರೂ ಆ ಸಾಲು ಬರುತ್ತದೆ. ಎರಡನೆಯದು ನೀವು ಸುಟ್ಟ ಯುನಿಟ್‌ಗಳ ಲೆಕ್ಕ. 'ನಾವು ಮನೇಲಿ ಇರಲೇ ಇಲ್ಲ, ಬಿಲ್ ಹೆಂಗೆ ಬಂತು?' ಎಂದು ಕೇಳುವವರಿಗೆ ಉತ್ತರ ಇಲ್ಲಿದೆ. ಮಂಜೂರಾದ ಲೋಡ್ ಅನ್ನುವಾಗಲೂ ಮತ್ತೆ ಹೊರೆ ಬಂತು ನೋಡಿ.

ದೊಡ್ಡ ಊರಿನ ಹೋಟೆಲುಗಳ ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಅಂತ ಒಂದು ಸಾಲು ಕಂಡರೆ ಅದು ತೆರಿಗೆ ಅಲ್ಲ. ತೆರಿಗೆ ಜಿಎಸ್‌ಟಿ ಅಂತ ಬೇರೆಯೇ ಇರುತ್ತದೆ. ಸರ್ವಿಸ್ ಚಾರ್ಜನ್ನು ಬಿಲ್ಲಿಗೆ ತಾವಾಗಿಯೇ ಸೇರಿಸುವಂತಿಲ್ಲ, ಗಿರಾಕಿಯನ್ನು ಒತ್ತಾಯ ಮಾಡುವಂತಿಲ್ಲ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಕೊಟ್ಟಿತು. ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಬಿಲ್ಲಿನಲ್ಲಿ ಅದು ಕಂಡರೆ ತೆಗೆಯಿರಿ ಎಂದು ಮರ್ಯಾದೆಯಿಂದ ಕೇಳಬಹುದು. ಒಂದು ಪದದ ಅರ್ಥ ಗೊತ್ತಿದ್ದರೆ ಜೇಬಿನ ದುಡ್ಡು ಉಳಿಯುತ್ತದೆ.

'ಫ್ರೀ ಆಫ್ ಚಾರ್ಜ್' ಅಂದರೆ ಪುಕ್ಕಟೆ. 'ಓವರ್‌ಚಾರ್ಜ್' ಅಂದರೆ ಜಾಸ್ತಿ ಕಿತ್ತುಕೊಂಡರು. 'ಸರ್ಚಾರ್ಜ್' ಅಂದರೆ ಇರುವುದರ ಮೇಲೆ ಇನ್ನೊಂದು ಹೊರೆ.

ನಾಲ್ಕನೇ ಹೆಜ್ಜೆ: ಆರೋಪಕ್ಕೂ ಅಪರಾಧಕ್ಕೂ ನಡುವೆ ಅಂತರ ಇಟ್ಟು ಓದಿ

ಇಲ್ಲಿ ದಯವಿಟ್ಟು ನಿಧಾನವಾಗಿ ಓದಿ. ಪೇಪರಿನಲ್ಲಿ ಒಬ್ಬರ ಹೆಸರಿನ ಪಕ್ಕ 'ಚಾರ್ಜ್‌ಶೀಟ್' ಎಂದು ಕಂಡ ಕೂಡಲೇ ನಮ್ಮ ಜನ ಅವರನ್ನು ಕಳ್ಳರೇ ಎಂದು ತೀರ್ಮಾನ ಮಾಡಿಬಿಡುತ್ತಾರೆ. ಆ ಮನೆಯ ಮಕ್ಕಳು ಶಾಲೆಯಲ್ಲಿ ತಲೆ ತಗ್ಗಿಸಿ ಕೂರುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಚಾರ್ಜ್‌ಶೀಟ್ ಅಂದರೆ ಪೊಲೀಸರು ತನಿಖೆ ಮುಗಿಸಿ ಕೋರ್ಟಿಗೆ ಕೊಡುವ ವರದಿ. ಕನ್ನಡದಲ್ಲಿ ಆರೋಪಪಟ್ಟಿ, ದೋಷಾರೋಪ ಪಟ್ಟಿ ಅಂತೀವಿ. ಇವರ ಮೇಲೆ ಈ ಹೊರೆ ಹೊರಿಸಬಹುದು ಎನ್ನುವುದಕ್ಕೆ ನಮ್ಮ ಹತ್ತಿರ ಇಷ್ಟು ಸಾಕ್ಷಿ ಇದೆ ಎಂದು ಪೊಲೀಸರು ಹೇಳುವುದು ಅದು. ಅದಾದ ಮೇಲೆ ನ್ಯಾಯಾಧೀಶರು ಅದನ್ನು ನೋಡಿ, ವಿಚಾರಣೆ ನಡೆಸುವಷ್ಟು ಹುರುಳಿದೆ ಅನ್ನಿಸಿದರೆ ಆರೋಪ ನಿಗದಿ ಮಾಡುತ್ತಾರೆ. ಇಂಗ್ಲಿಷ್ ಪೇಪರಿನಲ್ಲಿ ಇದನ್ನು 'ಚಾರ್ಜಸ್ ಫ್ರೇಮ್‌ಡ್' ಅಂತ ಬರೆಯುತ್ತಾರೆ. ವಿಚಾರಣೆ ಶುರುವಾಗುವುದೇ ಅಲ್ಲಿಂದ. ಎಲ್ಲ ಮುಗಿದು ತಪ್ಪು ಸಾಬೀತಾದರೆ ಮಾತ್ರ 'ಕನ್ವಿಕ್ಟೆಡ್', ಅಂದರೆ ಅಪರಾಧಿ. 2024ರ ಜುಲೈ 1ರಿಂದ ಕ್ರಿಮಿನಲ್ ಪ್ರೊಸೀಜರ್ ಕೋಡ್ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಈ ಮೂರು ಮೆಟ್ಟಿಲು ಹಾಗೇ ಇವೆ.

ಹೊರಿಸಿದ ಹೊರೆ ಇಳಿಯಲೂಬಹುದು. ಆರೋಪ ನಿಗದಿಗೆ ಮೊದಲೇ, ಇದರಲ್ಲಿ ಹುರುಳಿಲ್ಲ ಎಂದು ಕೋರ್ಟ್ ಕೈಬಿಟ್ಟರೆ ಅದಕ್ಕೆ 'ಡಿಸ್ಚಾರ್ಜ್' ಎನ್ನುತ್ತಾರೆ. ಪೂರ್ತಿ ವಿಚಾರಣೆ ನಡೆದು ಬಿಡುಗಡೆಯಾದರೆ 'ಅಕ್ವಿಟಲ್', ಅಂದರೆ ಖುಲಾಸೆ. ಎರಡೂ ಒಂದೇ ಅಲ್ಲ. ಡಿಸ್ಚಾರ್ಜ್ ಆದವರ ಮೇಲೆ ಹೊಸ ಸಾಕ್ಷಿ ಸಿಕ್ಕರೆ ಮತ್ತೆ ಕೇಸು ಮುಂದುವರಿಯಬಹುದು.

ಲಾಠಿ ಚಾರ್ಜ್‌ಗೂ ಚಾರ್ಜ್‌ಶೀಟ್‌ಗೂ ಸಂಬಂಧ ಇಲ್ಲ. ಲಾಠಿ ಹಿಡಿದು ಗುಂಪಿನ ಮೇಲೆ ನುಗ್ಗುವುದು ಆ ಚಾರ್ಜ್. ಅದು ಏಳನೇ ಹೆಜ್ಜೆಯಲ್ಲಿ ಬರುತ್ತದೆ.

ಐದನೇ ಹೆಜ್ಜೆ: ಜಮೀನಿನ ಕಾಗದದಲ್ಲಿ ಚಾರ್ಜ್ ಕಂಡರೆ ಅಲ್ಲೇ ನಿಲ್ಲಿ

ಬ್ಯಾಂಕಿನಿಂದ ಬಂದ ಇಂಗ್ಲಿಷ್ ಕಾಗದದಲ್ಲಿ 'ಎ ಚಾರ್ಜ್ ಹ್ಯಾಸ್ ಬೀನ್ ಕ್ರಿಯೇಟೆಡ್ ಆನ್ ದ ಪ್ರಾಪರ್ಟಿ' ಎಂದು ಇತ್ತು ಅಂದುಕೊಳ್ಳಿ. ಏನೋ ಸಣ್ಣ ಶುಲ್ಕ ಇರಬೇಕು, ನೂರಿನ್ನೂರು ಕಟ್ಟಿದರೆ ಆಯಿತು ಅನ್ನಿಸುತ್ತದೆ, ಅಲ್ವಾ? ಆದರೆ ಇದರ ಅರ್ಥ, ನಿಮ್ಮ ಆಸ್ತಿಯ ಮೇಲೆ ಸಾಲದ ಹೊರೆ ಕೂತಿದೆ, ಸಾಲ ತೀರದಿದ್ದರೆ ಅದರಿಂದ ವಸೂಲಿ ಮಾಡುವ ಹಕ್ಕು ಸಾಲ ಕೊಟ್ಟವರಿಗೆ ಇದೆ ಅಂತ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 100ನೇ ಕಲಮು ಈ ಚಾರ್ಜಿನ ಬಗ್ಗೆಯೇ ಇದೆ. ಅಡಮಾನ ಬೇರೆ, ಇದು ಬೇರೆ. ಎರಡರಲ್ಲೂ ಹೊರೆ ಇದೆ ಎಂಬುದು ನಮಗೆ ಮುಖ್ಯ.

ಜಮೀನು, ಸೈಟು, ಮನೆ ಕೊಳ್ಳುವವರು ಹೀಗೆ ಮಾಡಿ. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಇಸಿ ತೆಗೆಸಿ. ಅದರ ಕನ್ನಡ ಹೆಸರೇ ಋಣಭಾರ ಪ್ರಮಾಣಪತ್ರ. ಹೊಲವಾದರೆ ಪಹಣಿಯಲ್ಲಿ ಋಣಗಳ ಕಾಲಂ ನೋಡಿ. ಬೆಳೆಸಾಲ ತಗೊಂಡಿದ್ದರೆ ಬ್ಯಾಂಕಿನ ಅಥವಾ ಸೊಸೈಟಿಯ ಹೆಸರು, ಸಾಲದ ಮೊತ್ತ ಅಲ್ಲಿರುತ್ತದೆ. ಸುಮ್ನೆ ಮಾಲೀಕರ ಹೆಸರು ನೋಡಿ ಪಹಣಿ ಮಡಚಿಡಬೇಡಿ.

ಸಾಲ ತೀರಿಸಿದವರಿಗೂ ಒಂದು ಮಾತು. ದುಡ್ಡು ಕಟ್ಟಿದ ತಕ್ಷಣ ಕಾಗದದ ಮೇಲಿನ ಹೊರೆ ಇಳಿಯಿತು ಎಂದು ನಂಬಿಕೊಂಡು ಕೂರಬೇಡಿ. ಬ್ಯಾಂಕಿನಿಂದ ಸಾಲ ತೀರಿದ ಪತ್ರ ಕೇಳಿ ಪಡೆಯಿರಿ. ಅದನ್ನು ಕೊಟ್ಟು ಪಹಣಿಯಲ್ಲಿನ ನಮೂದು ತೆಗೆಸಿ. ಆಮೇಲೆ ಹೊಸ ಪಹಣಿ ತಂದು ಕಣ್ಣಾರೆ ನೋಡಿ. ನಮ್ಮ ಸಂಬಂಧಿಕರೊಬ್ಬರು ಸಾಲ ತೀರಿಸಿ ಎಷ್ಟೋ ವರ್ಷ ಆಗಿತ್ತು. ಮಗಳ ಮದುವೆಗೆ ಅಂತ ಒಂದು ಎಕರೆ ಮಾರಲು ಹೋದಾಗ ಹಳೆಯ ನಮೂದು ಹಾಗೇ ಇತ್ತು. ವ್ಯವಹಾರ ಎರಡು ತಿಂಗಳು ನಿಂತಿತು. ಆ ಎರಡು ತಿಂಗಳು ಆ ಮನೆಯವರು ಪಟ್ಟ ಪಾಡು ನೆನಪಾದರೆ ಈಗಲೂ ಬೇಜಾರಾಗುತ್ತದೆ.

ಆರನೇ ಹೆಜ್ಜೆ: ಯಾರು ಹೊತ್ತಿದ್ದಾರೆ, ಯಾರನ್ನು ಹೊತ್ತಿದ್ದಾರೆ?

ನಮ್ಮ ಆಫೀಸುಗಳಲ್ಲಿ 'ಚಾರ್ಜ್ ತಗೊಂಡ್ರು', 'ಚಾರ್ಜ್ ಕೊಟ್ಟು ಹೋದ್ರು' ಎನ್ನುವುದು ದಿನದ ಮಾತು. ಕನ್ನಡದಲ್ಲಿ ಅಧಿಕಾರ ವಹಿಸಿಕೊಂಡರು ಅಂತೀವಿ. ಆ 'ವಹಿಸು' ಕೂಡ ಹೊರುವುದು ಎಂಬ ಅರ್ಥದ ಸಂಸ್ಕೃತ ಮೂಲದಿಂದಲೇ ಬಂದದ್ದು.

ಇಂಗ್ಲಿಷಿನಲ್ಲಿ ಇಲ್ಲಿ ಒಂದು ನುಣುಪಾದ ಜಾಗ ಇದೆ, ಕಾಲು ಜಾರುತ್ತದೆ. 'ದ ನರ್ಸ್ ಈಸ್ ಇನ್ ಚಾರ್ಜ್ ಆಫ್ ದ ಚೈಲ್ಡ್' ಅಂದರೆ ಮಗುವಿನ ಹೊಣೆ ನರ್ಸಿನದು. 'ದ ಚೈಲ್ಡ್ ಈಸ್ ಇನ್ ದ ಚಾರ್ಜ್ ಆಫ್ ದ ನರ್ಸ್' ಅಂದರೂ ಹೊಣೆ ನರ್ಸಿನದೇ, ಮಗು ಅವರ ಸುಪರ್ದಿನಲ್ಲಿದೆ. ನಡುವೆ ಬಂದ 'ದ' ಎಂಬ ಒಂದೇ ಅಕ್ಷರ ಇಡೀ ವಾಕ್ಯವನ್ನು ತಿರುಗಿಸಿತು. ಎರಡನೇ ವಾಕ್ಯದಲ್ಲಿ ಅದನ್ನು ಬಿಟ್ಟು ಬರೆದರೆ ಮಗುವೇ ನರ್ಸನ್ನು ನೋಡಿಕೊಳ್ಳುತ್ತಿದೆ ಅಂತಾಗುತ್ತದೆ. ಹತ್ತನೇ ತರಗತಿ ಮಕ್ಕಳಿಗೆ ಇದನ್ನು ಬೋರ್ಡಿನ ಮೇಲೆ ಬರೆದು ತೋರಿಸಿದರೆ ಒಂದೇ ಸಲಕ್ಕೆ ಕೂತುಬಿಡುತ್ತದೆ.

ಇಂಗ್ಲಿಷ್ ಕಥೆಗಳಲ್ಲಿ 'ಹರ್ ಚಾರ್ಜಸ್' ಎಂದು ಬಂದರೆ ಅವಳ ಸುಪರ್ದಿನಲ್ಲಿರುವ ಮಕ್ಕಳು ಅಂತ ಅರ್ಥ. ಅಲ್ಲಿ ದುಡ್ಡು ಹುಡುಕಬೇಡಿ.

ಏಳನೇ ಹೆಜ್ಜೆ: ಚಿತ್ರದುರ್ಗದ ಕೋಟೆಗೆ ಹೋಗಿ ಬನ್ನಿ

ಹೊರೆಯಿಂದ ಯುದ್ಧಕ್ಕೆ, ಯುದ್ಧದಿಂದ ಮೊಬೈಲಿಗೆ ಈ ಪದ ಹೇಗೆ ಬಂತು? ಇದನ್ನು ತಿಳಿಯಲು ನಮ್ಮ ಕೋಟೆಗಿಂತ ಒಳ್ಳೆಯ ಪಾಠಶಾಲೆ ಇಲ್ಲ. ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ಮದ್ದು ಬೀಸುವ ಕಲ್ಲುಗಳ ಹತ್ತಿರ ನಿಲ್ಲಿಸುತ್ತೇನೆ. ತಗ್ಗಿನಲ್ಲಿ ಇರುವ ಆ ದೊಡ್ಡ ದುಂಡು ಕಲ್ಲುಗಳಿಂದ ಕೋವಿ, ಫಿರಂಗಿಗಳ ಮದ್ದು ಅರೆಯುತ್ತಿದ್ದರು.

ಒಂದು ಸಲ ಹಾರಿಸಲು ಫಿರಂಗಿಯೊಳಗೆ ತುಂಬುವ ಮದ್ದಿನ ಅಳತೆಗೆ ಇಂಗ್ಲಿಷಿನಲ್ಲಿ ಚಾರ್ಜ್ ಎನ್ನುತ್ತಾರೆ. ಗಾಡಿಗೆ ಸರಕು ಹೇರಿದ ಹಾಗೆ ಫಿರಂಗಿಗೆ ಮದ್ದು ಹೇರುವುದು. ಇವತ್ತು ಕಲ್ಲು ಕ್ವಾರಿಯಲ್ಲಿ ಕುಳಿ ತೋಡಿ ತುಂಬುವ ಸಿಡಿಮದ್ದಿಗೂ ಅದೇ ಹೆಸರು.

18ನೇ ಶತಮಾನದ ನಡುವೆ ವಿದ್ಯುತ್ತಿನ ಪ್ರಯೋಗಗಳು ಜೋರಾಗಿ ನಡೆದವು. ಲೇಡನ್ ಜಾಡಿ ಎಂಬ ಗಾಜಿನ ಪಾತ್ರೆಯಲ್ಲಿ ವಿದ್ಯುತ್ತನ್ನು ಹಿಡಿದಿಡಬಹುದು ಎಂದು ಗೊತ್ತಾಯಿತು. ಆ ಜಾಡಿಯ ಜೊತೆ ಕೆಲಸ ಮಾಡುತ್ತಿದ್ದ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಅದನ್ನು ಚಾರ್ಜ್ ಮಾಡುವುದು, ಡಿಸ್ಚಾರ್ಜ್ ಮಾಡುವುದು ಎಂದೇ ಬರೆದರು. ತುಂಬಿದ್ದು, ಒಂದೇ ಏಟಿಗೆ ಹೊರಬರುವುದು. ಕೋವಿಗೂ ಜಾಡಿಗೂ ಇರುವ ಹೋಲಿಕೆ ಕಾಣುತ್ತದೆ, ಅಲ್ವಾ? ಹಲವು ಜಾಡಿಗಳನ್ನು ಜೋಡಿಸಿಟ್ಟದ್ದಕ್ಕೆ ಅವರು 'ಬ್ಯಾಟರಿ' ಅಂದರು. ಅದೂ ಫಿರಂಗಿಗಳ ಸಾಲಿಗೆ ಇದ್ದ ಹೆಸರೇ. ನಿಮ್ಮ ಮೊಬೈಲಿನ ಬ್ಯಾಟರಿ ಮತ್ತು ಚಾರ್ಜ್ ಎರಡೂ ಮದ್ದಿನ ಮನೆಯಿಂದ ಬಂದ ಪದಗಳು.

ವಿಜ್ಞಾನದ ಮಕ್ಕಳಿಗೆ ಇನ್ನೊಂದು ಮಾತು. ವಿದ್ಯುತ್ತಿನ ಚಾರ್ಜನ್ನು, ಅಂದರೆ ವಿದ್ಯುದಂಶವನ್ನು, ಕೂಲಂಬ್‌ನಲ್ಲಿ ಅಳೆಯುತ್ತಾರೆ. ಬ್ಯಾಟರಿಯ ಮೇಲೆ 5000 ಎಂಎಎಚ್ ಎಂದು ಬರೆದಿದ್ದರೆ, 5 ಆಂಪಿಯರ್ ಕರೆಂಟ್ ಒಂದು ಗಂಟೆ ಹರಿಯುವಷ್ಟು ಎಂದರ್ಥ. ಗಂಟೆಗೆ 3600 ಸೆಕೆಂಡು. ಐದರಿಂದ ಗುಣಿಸಿ. 18,000 ಕೂಲಂಬ್. ಅಷ್ಟು ಹೊರೆ ನಿಮ್ಮ ಜೇಬಿನಲ್ಲಿದೆ.

ಇನ್ನು ನುಗ್ಗುವ ಚಾರ್ಜ್. ಇಡೀ ಮೈಭಾರ ಹಾಕಿ ಎದುರಿನವರ ಮೇಲೆ ಬೀಳುವುದು ಅದು. ಕುದುರೆ ಸವಾರರು ಭರ್ಜಿ ಚಾಚಿಕೊಂಡು ಓಡಿ ಬಂದರೆ ಚಾರ್ಜ್. ಆನೆ ಅಟ್ಟಿಸಿಕೊಂಡು ಬಂದರೆ ಚಾರ್ಜ್. ಮಕ್ಕಳಿಗೆ ಓಬವ್ವನ ಕಿಂಡಿ ತೋರಿಸಿ ನಾನು ಒಂದು ಪ್ರಶ್ನೆ ಕೇಳುತ್ತೇನೆ. ಹೈದರಾಲಿಯ ಸೈನಿಕರು ಈ ಕಿಂಡಿಯಲ್ಲಿ ಒಬ್ಬೊಬ್ಬರಾಗಿ ತೂರಿ ಬಂದರಲ್ಲ, ಅದಕ್ಕೆ ಚಾರ್ಜ್ ಅನ್ನಬಹುದಾ? ಅನ್ನಲಾಗದು. ಚಾರ್ಜ್‌ಗೆ ಓಟ ಬೇಕು, ಎದುರಾಎದುರು ಬೇಕು. ಕದ್ದು ನುಸುಳುವುದಕ್ಕೆ ಇಂಗ್ಲಿಷಿನಲ್ಲಿ ಬೇರೆ ಪದಗಳಿವೆ. ಈ ಪ್ರಶ್ನೆ ಕೇಳಿಸಿಕೊಂಡ ಮಕ್ಕಳು ಆ ಪದದ ಅರ್ಥವನ್ನು ಮರೆತದ್ದು ನಾನು ಕಾಣೆ.

ಎಂಟನೇ ಹೆಜ್ಜೆ: ಇಳಿಸುವುದು, ಮತ್ತೆ ತುಂಬುವುದು

'ಡಿಸ್' ಸೇರಿದರೆ ಹೊರೆ ಇಳಿಯಿತು ಅಂತ. 'ರೀ' ಸೇರಿದರೆ ಮತ್ತೆ ತುಂಬಿತು ಅಂತ. ಆಸ್ಪತ್ರೆ ರೋಗಿಯನ್ನು ತನ್ನ ಹೊಣೆಯಿಂದ ಬಿಟ್ಟುಕೊಟ್ಟರೆ ಡಿಸ್ಚಾರ್ಜ್. ಗಾಯದಿಂದ ಕೀವು ಸೋರಿದರೂ ಡಾಕ್ಟರು ಡಿಸ್ಚಾರ್ಜ್ ಎಂದೇ ಬರೆಯುತ್ತಾರೆ. ಭದ್ರಾ ನಾಲೆಯಲ್ಲಿ ಇಷ್ಟು ಕ್ಯೂಸೆಕ್ ಡಿಸ್ಚಾರ್ಜ್ ಅಂದರೆ ಸೆಕೆಂಡಿಗೆ ಹರಿದು ಹೋಗುವ ನೀರು. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್. 'ಡಿಸ್ಚಾರ್ಜಿಂಗ್ ಹಿಸ್ ಡ್ಯೂಟಿ' ಅಂದರೆ ಮಾತ್ರ ಜೋಪಾನ. ಅವನನ್ನು ಕೆಲಸದಿಂದ ತೆಗೆದರು ಅಂತಲ್ಲ. ಅವನು ತನ್ನ ಕರ್ತವ್ಯ ಮಾಡಿ ಮುಗಿಸುತ್ತಿದ್ದಾನೆ, ಹೊತ್ತ ಹೊಣೆಯನ್ನು ಸರಿಯಾದ ಜಾಗಕ್ಕೆ ತಲುಪಿಸಿ ಇಳಿಸುತ್ತಿದ್ದಾನೆ ಅಂತ.

ರೀಚಾರ್ಜ್ ಎಂದರೆ ಪೇಟೆಯ ಹುಡುಗರಿಗೆ ಮೊಬೈಲ್ ನೆನಪಾಗುತ್ತದೆ. ಚಳ್ಳಕೆರೆ, ಹಿರಿಯೂರು, ಜಗಳೂರು ಕಡೆಯ ರೈತರಿಗೆ ಬೋರ್‌ವೆಲ್ ನೆನಪಾಗುತ್ತದೆ. ಮಳೆ ಕಡಿಮೆ ಬೀಳುವ ಸೀಮೆ. ಬಿದ್ದ ಮಳೆನೀರನ್ನು ಬೋರಿನ ಸುತ್ತ ತೋಡಿದ ಗುಂಡಿಗೆ ತಿರುಗಿಸಿ, ಕಲ್ಲು, ಜಲ್ಲಿ, ಮರಳಿನಲ್ಲಿ ಸೋಸಿ ಭೂಮಿಗೆ ಇಳಿಸುವ ಕೆಲಸಕ್ಕೆ ಅವರು ರೀಚಾರ್ಜ್ ಮಾಡಿಸೋದು ಅಂತಾರೆ. ಬರಿದಾದ ನೆಲಕ್ಕೆ ಮತ್ತೆ ಹೊರೆ ತುಂಬುವುದು. ಈ ಪದದ ಎಲ್ಲ ಅರ್ಥಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಇದು.

ಒಂಬತ್ತನೇ ಹೆಜ್ಜೆ: ನಿಘಂಟನ್ನು, ಮೊಬೈಲನ್ನು ಹೀಗೆ ಬಳಸಿ

ನಿಘಂಟಿನಲ್ಲಿ ಮೊದಲು ಕಂಡ ಅರ್ಥಕ್ಕೇ ನಿಂತುಬಿಡಬೇಡಿ. ಪ್ರತಿ ಅರ್ಥದ ಕೆಳಗೆ ಕೊಟ್ಟ ಉದಾಹರಣೆ ವಾಕ್ಯ ಓದಿ. ನಿಮ್ಮ ವಾಕ್ಯದಂತೆ ಕಾಣುವುದು ಯಾವುದೋ ಅದನ್ನು ಹಿಡಿಯಿರಿ. ಮೊಬೈಲಿನಲ್ಲಿ ಅನುವಾದ ಮಾಡುವಾಗಲೂ ಚಾರ್ಜ್ ಎಂಬ ಒಂದೇ ಪದ ಹಾಕಬೇಡಿ, ಪೂರ್ತಿ ವಾಕ್ಯ ಹಾಕಿ. ಬಂದ ಕನ್ನಡ ನಿಮ್ಮ ಸಂದರ್ಭಕ್ಕೆ ಹೊಂದದಿದ್ದರೆ 'ಯಾರ ಮೇಲೆ ಯಾವ ಹೊರೆ?' ಎಂಬ ಪ್ರಶ್ನೆಗೆ ವಾಪಸ್ ಹೋಗಿ. ಕೋರ್ಟಿನ, ಜಮೀನಿನ ಕಾಗದವಾದರೆ ನೀವೇ ಓದಿಕೊಂಡ ಮೇಲೂ ಒಮ್ಮೆ ವಕೀಲರಿಗೆ ತೋರಿಸಿ.

ಕೊನೆಗೆ ಒಂದು ವಾಕ್ಯ ಕೊಡುತ್ತೇನೆ. ನಮ್ಮ ತರಗತಿಯಲ್ಲಿ ಇದನ್ನು ಬಿಡಿಸಿದವರಿಗೆ ಒಂದು ಪೆನ್ನು ಬಹುಮಾನ.

'ದ ಆಫೀಸರ್ ಇನ್ ಚಾರ್ಜ್ ವಾಸ್ ಚಾರ್ಜ್‌ಡ್ ವಿತ್ ಚಾರ್ಜಿಂಗ್ ಫಾರ್ಮರ್ಸ್ ಫಾರ್ ಎ ಫಾರ್ಮ್ ದಟ್ ಈಸ್ ಫ್ರೀ ಆಫ್ ಚಾರ್ಜ್.'

ನಾಲ್ಕು ಚಾರ್ಜ್ ಇವೆ. ಮೊದಲನೆಯದು 'ಇನ್' ಜೊತೆ ಇದೆ, ಅದು ಹೊಣೆ. ಎರಡನೆಯದರ ಮುಂದೆ 'ವಿತ್' ಇದೆ. ವಿತ್ ಆದ ಮೇಲೆ ಇರುವುದು ಕೆಲಸವೋ ತಪ್ಪೋ ಎಂದು ನೋಡಬೇಕು. ಪುಕ್ಕಟೆ ಕೊಡುವುದಕ್ಕೆ ದುಡ್ಡು ಕೇಳಿದ್ದು ತಪ್ಪೇ, ಹಾಗಾಗಿ ಅದು ಆರೋಪ. ಮೂರನೆಯದರ ಮುಂದೆ, ರೈತರನ್ನು ದಾಟಿದರೆ 'ಫಾರ್' ಸಿಗುತ್ತದೆ, ಅದು ದುಡ್ಡು. ನಾಲ್ಕನೆಯದು ಪುಕ್ಕಟೆ. ಈಗ ಸೇರಿಸಿ ಓದಿ: ಪುಕ್ಕಟೆ ಕೊಡಬೇಕಾದ ಅರ್ಜಿ ಫಾರಮ್ಮಿಗೆ ರೈತರಿಂದ ದುಡ್ಡು ತೆಗೆದುಕೊಂಡರು ಎಂದು, ಹೊಣೆ ಹೊತ್ತಿದ್ದ ಅಧಿಕಾರಿಯ ಮೇಲೆಯೇ ಆರೋಪ ಹೊರಿಸಲಾಯಿತು.